ಹುಕ್ಕೇರಿಯ ಮಾವನವರ ನಾಲ್ಕು ಕರಾರು

ಹೊರದೇಶಕ್ಕೆ ಓದಲು ಹೋಗುವವನನ್ನು ಹೋಗುವ ಮುನ್ನ, ಹೋಗಿದ್ದಾಗ ಮತ್ತು ಬಂದ ಮೇಲೆ ಸಂಶಯದಿಂದ ನೋಡುವ ರೂಢಿ ನಮ್ಮ ಸೀಮೆಯಲ್ಲಿ ಇಂದಿಗೂ ನಿಂತಿಲ್ಲ. ಮೊನ್ನೆ ನಮ್ಮ ಓಣಿಯ ತಾಯಿಯೊಬ್ಬರು ಜರ್ಮನಿಗೆ ಹೊರಟ ಮಗನ ಪೆಟ್ಟಿಗೆಯ ತಳವನ್ನು ಬೆರಳಿನಿಂದ ಬಡಿದು ಬಡಿದು ನೋಡುತ್ತಿದ್ದರು. ಏನು ಸಿಕ್ಕಿತೆಂದು ಕೇಳಿದೆ. "ಏನೂ ಸಿಗಲಿಲ್ರಿ ಸರ. ಅದಕ್ಕ ಸಂಶೆ ಬಂದೈತಿ" ಎಂದರು.

ಆಕೆಯನ್ನು ನಾನು ತಪ್ಪೆನ್ನಲಾರೆ. ಸಂಶಯವೂ ಒಂದು ಶಿಸ್ತು. ಗೋಕಾಕದ ಕೈಗಾರಿಕಾ ಶಾಲೆಯ ಮುಖ್ಯಾಧ್ಯಾಪಕನಾಗಿದ್ದಷ್ಟು ಕಾಲ ಆ ಶಿಸ್ತನ್ನು ನಾನು ವಿದ್ಯಾರ್ಥಿಗಳ ಮೇಲೆ ತಪ್ಪದೆ ಪ್ರಯೋಗಿಸಿದ್ದೇನೆ. ಅದಕ್ಕೂ ಮುಂಚೆ ಅದು ನನ್ನ ಮೇಲೆ ಪ್ರಯೋಗವಾದ ಬಗೆಯನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ನಗುವವರು ಪ್ರಸಂಗ ಮುಗಿದ ಮೇಲೆ ನಗಬೇಕು, ನಡುವೆ ಅಲ್ಲ.

೧. ಕರಾರು

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಬಟ್ಟೆಗೆ ಬಣ್ಣ ಕಟ್ಟುವ ವಿದ್ಯೆ ಕಲಿಯಲು ವಿಲಾಯತಿಯ ಕಾಲೇಜೊಂದರಲ್ಲಿ ನನಗೆ ಸ್ಥಳ ದೊರೆಯಿತು. ನಮ್ಮ ಮನೆ ಗೋಕಾಕದಲ್ಲಿ. ಸೋದರಮಾವನವರ ಮನೆ ಹುಕ್ಕೇರಿಯಲ್ಲಿ. ಅವರ ಮಗಳೊಡನೆ ನನ್ನ ಮದುವೆ ನಿಶ್ಚಯವಾಗಿತ್ತು. ಅವಳು ಶಿಕ್ಷಕಿಯ ತರಬೇತಿ ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಆ ನಿಶ್ಚಯ ನನಗೆ ಒಪ್ಪಿಗೆಯಾಗಿತ್ತು. ಎಷ್ಟು ಒಪ್ಪಿಗೆಯಾಗಿತ್ತೆಂದು ವಿವರಿಸುವುದು ನನ್ನ ರೂಢಿಯಲ್ಲ.

ಮಾವನವರು ಬೆಲ್ಲದ ವ್ಯಾಪಾರಿ. ಪೆಂಟಿಯನ್ನು ಒಡೆದು ನೋಡದೆ ಬೆಲ್ಲ ಕೊಂಡವರಲ್ಲ. ಮೇಲೆ ಬಣ್ಣ ಚೆನ್ನಾಗಿದ್ದಷ್ಟೂ ಒಳಗೆ ಮಣ್ಣು ಹೆಚ್ಚೆಂಬುದು ಅವರ ಅನುಭವ. ಮನುಷ್ಯರ ವಿಷಯದಲ್ಲೂ ಅವರ ಅಭಿಪ್ರಾಯ ಅದೇ. ಒಡೆದು ನೋಡಲು ಬಾರದೆಂಬುದಷ್ಟೇ ಅವರ ಕೊರತೆ. ನಾನು ಹೊರಡುವ ಮುನ್ನ ಪಡಸಾಲೆಗೆ ಕರೆಸಿ, ಎದುರಿಗೆ ಕೂಡಿಸಿ, ಕರಾರುಗಳನ್ನು ಹೇಳಿದರು. ಒಂದು, ಇಷ್ಟಲಿಂಗಪೂಜೆ ಆಗದೆ ಬಾಯಿಗೆ ಏನನ್ನೂ ಹಾಕಬಾರದು. ಎರಡು, ಮಾಂಸ ಮೊಟ್ಟೆ ಮುಟ್ಟಬಾರದು. ಮೂರು, ಮದ್ಯ ಕೂಡದು. ನಾಲ್ಕು, ಚಹಾ ಕೂಡದು.

ಮೊದಲ ಮೂರನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ನಾಲ್ಕನೆಯದು ನನಗೆ ತಿಳಿಯಲಿಲ್ಲ. ಆಗ ನಮ್ಮ ಕಡೆ ಚಹಾ ಹೊಸದು. ಪೇಟೆಯ ಒಂದೆರಡು ಅಂಗಡಿಗಳ ಹೊರತು ಎಲ್ಲಿಯೂ ಕಾಣುತ್ತಿರಲಿಲ್ಲ. ಅದರಲ್ಲಿ ದೋಷವೇನೆಂದು ಕೇಳಿದೆ.

"ಅದ ಬಾಗಲಾ" ಎಂದರು ಮಾವ. "ಮೊದಲ ಚಹಾ. ಚಹಾದ ಬೆನ್ನಿಗೆ ಬಿಸ್ಕೀಟು. ಬಿಸ್ಕೀಟನ್ಯಾಗ ತತ್ತಿ. ಅಲ್ಲಿಗೆ ಎರಡನೇ ಕರಾರು ಹೋತು. ತತ್ತಿ ಒಳಗ ಹೋದಮ್ಯಾಲೆ ಪೂಜಿ ಎಲ್ಲಿ ನಿಂದರತೈತಿ? ಮೊದಲನೇದೂ ಹೋತು. ನಾಲ್ಕರಾಗ ಒಂದು ಮುರದ್ರೂ ನಿಶ್ಚಯ ಮುರೀತು, ತಿಳೀತಿಲ್ಲೊ?"

ತಿಳಿಯಿತೆಂದೆ. ಅತ್ತೆಯವರು ಕರದಂಟಿನ ಡಬ್ಬಿಗಳನ್ನು ಕೈಗಿತ್ತರು. ಹೊರಬರುವಾಗ ಒಳಬಾಗಿಲ ಮರೆಯಲ್ಲಿ ನಿಂತಿದ್ದ ಅವರ ಮಗಳು ಮೆಲ್ಲನೆ, "ಐದನೇ ಕರಾರು ಅಪ್ಪಾ ಹೇಳಾಕ ಮರತಾರ" ಎಂದಳು. ಅದು ಯಾವುದೆಂದು ಕೇಳಿದೆ.

"ತಿರುಗಿ ಬರೂದು."

೨. ಕರದಂಟು

ಹಡಗಿನಿಂದಿಳಿದೊಡನೆ ವಿಲಾಯತಿಯ ಸುಂಕದ ಕಟ್ಟೆ. ಅಲ್ಲಿನ ಅಧಿಕಾರಿ ನನ್ನ ಪೆಟ್ಟಿಗೆ ತೆರೆದು, ಬಟ್ಟೆಗಳನ್ನು ಬಿಟ್ಟು ನೇರವಾಗಿ ಡಬ್ಬಿಗೇ ಕೈಹಾಕಿದ. ನಮ್ಮ ಗೋಕಾಕದ ಕರದಂಟನ್ನು ಮೊದಲ ಬಾರಿಗೆ ನೋಡುವವನ ಸ್ಥಿತಿಯನ್ನು ಓದುಗರು ಊಹಿಸಬೇಕು. ಕಂದು ಬಣ್ಣ, ಕಲ್ಲಿನಂತಹ ಗಟ್ಟಿ, ಒಳಗೆ ಅಲ್ಲಲ್ಲಿ ಏನೋ ಹೊಳೆಯುವಂತಹದು. ಅವನು ಅದನ್ನು ಮೇಜಿಗೆ ಕುಟ್ಟಿದ. ಮೇಜು ಸದ್ದು ಮಾಡಿತು. ಕರದಂಟಿಗೆ ಏನೂ ಆಗಲಿಲ್ಲ. ಅವನ ಸಂಶಯ ಬಲವಾಯಿತು. ಇದೇನೆಂದು ಕೇಳಿದ. ತಿನ್ನುವ ಪದಾರ್ಥ, ಬೆಲ್ಲ, ಒಣಹಣ್ಣು ಮತ್ತು ಮರದ ಅಂಟಿನಿಂದ ಮಾಡಿದ್ದು ಎಂದೆ. ಮರದ ಅಂಟನ್ನು ಮನುಷ್ಯರು ತಿನ್ನುತ್ತಾರೆಯೇ ಎಂದು ಕೇಳಿದ. ಬಾಣಂತಿಯರಿಗೆ ವಿಶೇಷವಾಗಿ ಕೊಡುತ್ತಾರೆ ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

ಹಾಗಾದರೆ ಒಂದು ತುಂಡು ತಿಂದು ತೋರಿಸು ಎಂದ. ಇಕ್ಕಟ್ಟು ಇಲ್ಲಿಯೇ. ಹಡಗಿನ ಗಡಿಬಿಡಿಯಲ್ಲಿ ಅಂದಿನ ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ. ಮೊದಲನೆಯ ಕರಾರಿನ ಪ್ರಕಾರ ನಾನು ಬಾಯಿ ತೆರೆಯುವಂತಿರಲಿಲ್ಲ. ಈಗ ತಿನ್ನಲಾರೆ, ಸ್ನಾನವಾದ ಮೇಲೆ ತಿನ್ನುತ್ತೇನೆ ಎಂದೆ. ತಾನು ತಂದ ತಿಂಡಿಯನ್ನು ತಾನೇ ತಿನ್ನಲೊಪ್ಪದವನನ್ನು ಸುಂಕದವರು ಹೇಗೆ ನೋಡುವರೋ ಹಾಗೆಯೇ ಅವನು ನೋಡಿದ. ಹಿರಿಯ ಅಧಿಕಾರಿಯನ್ನು ಕರೆದ. ಹಿರಿಯನು ನನ್ನ ಮಾತನ್ನೆಲ್ಲ ಕೇಳಿ, ತುಂಡೊಂದನ್ನು ಮುರಿಯಲು ಬಹಳ ಶ್ರಮಪಟ್ಟು, ಕೊನೆಗೆ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. ಇನ್ನೊಂದು ತುಂಡು ತೆಗೆದ. ಕಿರಿಯನೂ ತೆಗೆದ. ಪಕ್ಕದ ಮೇಜಿನವರೂ ತನಿಖೆಗೆ ಬಂದರು. ಡಬ್ಬಿ ಬರಿದಾಯಿತು.

ಈಗ ನಂಬಿಕೆಯಾಯಿತೇ ಎಂದು ಕೇಳಿದೆ. ಹಿರಿಯನು ಕೈ ಒರೆಸಿಕೊಂಡು, ಈ ಡಬ್ಬಿಯ ಮಟ್ಟಿಗೆ ಆಯಿತು, ಎರಡನೆಯದರ ಬಗ್ಗೆ ಇನ್ನೂ ಖಚಿತವಾಗಿ ಹೇಳಲಾರೆ ಎಂದ.

೩. ಇದ್ದಿಲು

ನಾನು ಕೋಣೆ ಹಿಡಿದ ಮನೆಯ ಒಡತಿ ವಿಧವೆ, ವಯಸ್ಸಾದವಳು, ಶಿಸ್ತಿನವಳು. ಬಾಗಿಲಿಗೆ ಬೀಗ, ಕಪಾಟಿಗೆ ಬೀಗ, ಕಲ್ಲಿದ್ದಲಿನ ಗೂಡಿಗೆ ಎರಡು ಬೀಗ. ಅವಳನ್ನು ಕಂಡಕೂಡಲೇ ನನಗೆ ಗೌರವ ಮೂಡಿತು. ಅವಳಿಗೆ ನನ್ನನ್ನು ಕಂಡು ಏನು ಮೂಡಿತೆಂಬುದು ಬೇಗನೆ ತಿಳಿಯಿತು.

ಮುಂಜಾನೆ ನಾನು ವಿಭೂತಿ ಧರಿಸಿ ಕೆಳಗಿಳಿದರೆ ಅವಳು ನನ್ನ ಹಣೆಯನ್ನು ನೋಡುವಳು. ಆಮೇಲೆ ಅಗ್ಗಿಷ್ಟಿಕೆಯನ್ನು ನೋಡುವಳು. ಅದರ ಬೂದಿ ಕಡಮೆಯಾಗಿದೆಯೇ ಎಂಬುದು ಅವಳ ಪರೀಕ್ಷೆ. ಬೂದಿ ಸರಿಯಾಗಿಯೇ ಇರುತ್ತಿತ್ತು. ಆದರೆ ಆ ಚಳಿಗಾಲದಲ್ಲಿ ಇದ್ದಿಲು ಮಾತ್ರ ಅವಳ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಒಂದು ದಿನ ನಾನು ಬಾಗಿಲ ಅಗಳಿ ಹಾಕಲು ಮರೆತು ಪೂಜೆಗೆ ಕುಳಿತಿದ್ದೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ನೆಟ್ಟ ದೃಷ್ಟಿ. ಅವಳು ಬಾಗಿಲು ನೂಕಿ ನೋಡಿದಳು, ಸದ್ದಿಲ್ಲದೆ ಹೋದಳು.

ಪೂಜೆಯಾದ ಮೇಲೆ ಕೆಳಗಿಳಿದೆ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ನನ್ನ ಅಂಗೈಯಲ್ಲಿದ್ದ ಕಪ್ಪು ವಸ್ತುವೇನೆಂದು ಕೇಳಿದಳು. ಅದು ನಾನು ಪೂಜಿಸುವ ದೈವ, ಸದಾ ಮೈಮೇಲಿರುತ್ತದೆ, ದಿನವೂ ಅಂಗೈಯಲ್ಲಿಟ್ಟು ಧ್ಯಾನಿಸುತ್ತೇನೆ ಎಂದು ನನಗೆ ಬಂದಷ್ಟು ಇಂಗ್ಲೀಷಿನಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಕಣ್ಣುಗಳು ತೇವವಾದವು. ಎದ್ದು ಹೋಗಿ, ಎರಡೂ ಬೀಗ ತೆರೆದು, ಬುಟ್ಟಿಯ ತುಂಬ ಇದ್ದಿಲು ತಂದು ನನ್ನ ಕಾಲ ಬಳಿ ಇಟ್ಟಳು.

ಬಡತನ ಮುಚ್ಚಿಡಲು ಇಷ್ಟು ದೊಡ್ಡ ಕಥೆ ಹೇಳಬೇಕಾಗಿಲ್ಲ ಮಗು, ಚಳಿಯಾದರೆ ಕೇಳು, ಇದ್ದಿಲನ್ನು ಹೊತ್ತಿಸದೆ ಎಷ್ಟು ಹೊತ್ತು ಕೈಯಲ್ಲಿ ಹಿಡಿದರೂ ಬಿಸಿ ಬರುವುದಿಲ್ಲ ಎಂದಳು.

೪. ಬಿಸಿನೀರು

ಮದ್ಯ ಮುಟ್ಟದವನನ್ನು ಆ ದೇಶದಲ್ಲಿ ಗೌರವಿಸುವವರಿದ್ದಾರೆ. ಮಾಂಸ ಮುಟ್ಟದವನನ್ನು ಕನಿಕರದಿಂದ ನೋಡುವವರಿದ್ದಾರೆ. ಚಹಾ ಮುಟ್ಟದವನನ್ನು ನಂಬುವವರು ಯಾರೂ ಇಲ್ಲ. ಕಾಲೇಜಿನ ಬಣ್ಣದ ಪ್ರಯೋಗಶಾಲೆಯಲ್ಲಿ ಸಾಯಂಕಾಲದ ಚಹಾ ಬಂದಾಗ ನಾನು ಬಿಸಿನೀರು ಕೇಳುತ್ತಿದ್ದೆ. ಅಧ್ಯಾಪಕರು ಕೆಲವು ದಿನ ನೋಡಿ, ಬಣ್ಣದ ಬಟ್ಟಲುಗಳಿಗೂ ಚಹಾದ ಬಟ್ಟಲುಗಳಿಗೂ ಇಲ್ಲಿ ವ್ಯತ್ಯಾಸವಿದೆ, ಹೆದರಬೇಡ ಎಂದರು. ನಾನು ಬಿಸಿನೀರನ್ನೇ ಕುಡಿದೆ. ಮರುದಿನದಿಂದ ಅವರೇ ತಮ್ಮ ಬಟ್ಟಲನ್ನು ಮೂಸಿ ನೋಡಿ ಕುಡಿಯತೊಡಗಿದರು.

ಮನೆಯೊಡತಿ ಮಾತ್ರ ಇದನ್ನು ತನ್ನ ಮೇಲಿನ ಆರೋಪವೆಂದೇ ಭಾವಿಸಿದಳು. ನಾನು ಅವಳನ್ನು ಸಂಶಯಿಸುತ್ತೇನೆಂಬುದು ಅವಳ ಸಂಶಯ. ಒಂದು ದಿನ ನನ್ನೆದುರಿಗೆ ಬಟ್ಟಲಿಟ್ಟು, ಅರ್ಧವನ್ನು ತಾನು ಕುಡಿದು, ತಾನಿನ್ನೂ ಬದುಕಿರುವುದನ್ನು ನನಗೆ ಸಾವಕಾಶವಾಗಿ ತೋರಿಸಿ, ಉಳಿದರ್ಧವನ್ನು ಮುಂದೆ ನೂಕಿದಳು. ನಾನು ಕೈಮುಗಿದು ಬಿಸಿನೀರು ಕೇಳಿದೆ. ಹಾಗಾದರೆ ಇದು ರೋಗವೇ ಎಂದು ತೀರ್ಮಾನಿಸಿ ವೈದ್ಯರನ್ನು ಕರೆಸಿದಳು.

ವೈದ್ಯರು ಶ್ರದ್ಧೆಯವರು. ನಾಲಿಗೆ ನೋಡಿದರು, ಬೆನ್ನು ತಟ್ಟಿದರು, ಕಣ್ಣಿನ ರೆಪ್ಪೆ ಎತ್ತಿದರು. ಮನೆಯೊಡತಿಯನ್ನು ಕರೆದು, ಹುಡುಗನಲ್ಲಿ ಯಾವ ರೋಗವೂ ಇಲ್ಲ, ಬಿಸಿನೀರು ಕುಡಿಯುವ ಒಂದು ದುಶ್ಚಟವಿದೆಯಷ್ಟೆ, ಅದನ್ನು ಬಿಡಿಸಲು ಮುಂಜಾನೆ ಸಂಜೆ ಚಹಾ ಕೊಡಿರಿ ಎಂದು ಔಷಧ ಬರೆದುಕೊಟ್ಟರು.

೫. ಮೂಡಲಗಿಯವರು

ಮುಂದಿನ ವರ್ಷ ಯಂತ್ರವಿದ್ಯೆ ಕಲಿಯಲು ಅದೇ ಕಾಲೇಜಿಗೆ ಮೂಡಲಗಿಯ ಗೃಹಸ್ಥರೊಬ್ಬರು ಬಂದರು. ನನ್ನದೇ ಪ್ರಾಯ. ಅಷ್ಟು ದೂರದ ದೇಶದಲ್ಲಿ ಕನ್ನಡ ಕೇಳಿ ಮನಸ್ಸು ಹಿಗ್ಗಿತು. ಊರು, ಮನೆತನ, ಸಂಬಂಧಗಳನ್ನು ಪರಸ್ಪರ ಹೇಳಿಕೊಂಡೆವು. ಆದರೆ ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. "ನಿಮ್ಮ ಮಾವನವರನ್ನ ಹುಕ್ಕೇರಿ ಸಂತ್ಯಾಗ ನೋಡೇನ್ರಿ" ಎಂದರು ಅವರು. ಕೂಡಲೇ ನನಗೆ ಎಲ್ಲವೂ ಸ್ಪಷ್ಟವಾಯಿತು. ಇವರು ಮಾವನವರು ಕಳಿಸಿದ ಮನುಷ್ಯ. ನನ್ನ ಮೇಲೆ ಕಣ್ಣಿಡಲು ಬಂದವರು. ಯಂತ್ರವಿದ್ಯೆ ಬರಿಯ ನೆಪ.

ಅದನ್ನು ತೋರಗೊಡದೆ, ನಾನೂ ಅವರ ತಂದೆಯವರ ಅಂಗಡಿಯಲ್ಲಿ ಒಮ್ಮೆ ಕಂಬಳಿ ಕೊಂಡಿದ್ದೇನೆ, ಅವರನ್ನು ಬಲ್ಲೆ ಎಂದೆ. ಅವರ ಮುಖ ಏಕೋ ಗಂಭೀರವಾಯಿತು.

ಅವರು ನಮ್ಮ ಮನೆಯಲ್ಲಿಯೇ ಪಕ್ಕದ ಕೋಣೆ ಹಿಡಿದರು. ಅದರಿಂದ ನನ್ನ ಸಂಶಯ ದೃಢಪಟ್ಟಿತು. ನಾನು ಬೇಗನೆದ್ದು ಪೂಜೆಗೆ ಕುಳಿತರೆ ಅವರು ನನಗಿಂತ ಬೇಗನೆ ಏಳುವರು. ನಾನು ರೊಟ್ಟಿಯ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದರೆ ಅವರು ಬೆಳಕಿಗೆ ಹಿಡಿದು ನೋಡುವರು. ಚಹಾ ಬಂದಾಗ ನಾನು ಅವರನ್ನು ನೋಡುವೆನು. ಅವರು ನನ್ನನ್ನು ನೋಡುವರು. ಇಬ್ಬರೂ ಬಿಸಿನೀರು ಕೇಳುವೆವು. ಮನೆಯೊಡತಿ ಒಂದು ದಿನ, ನಿಮ್ಮ ದೇಶದಲ್ಲಿ ಚಹಾ ಕುಡಿದವರನ್ನು ಸೆರೆಗೆ ಹಾಕುತ್ತಾರೆಯೇ ಎಂದು ಕೇಳಿದಳು. ಇಲ್ಲವೆಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದೆವು. ಅಷ್ಟು ನಿಷ್ಕಳಂಕವಾದ ಜೀವನವನ್ನು ನಾನು ಆ ಬಳಿಕ ಎಲ್ಲಿಯೂ ಕಂಡಿಲ್ಲ.

ಓದು ಮುಗಿಸಿ ಒಂದೇ ಹಡಗಿನಲ್ಲಿ ಹಿಂತಿರುಗಿದೆವು. ಮುಂಬಯಿ ಹತ್ತಿರ ಬಂದಾಗ ಅವರು ನನ್ನ ಬಳಿ ಬಂದು ನಿಂತು, ಬಹಳ ಯೋಚಿಸಿ ಮಾತು ತೆಗೆದರು. "ಒಂದು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ನಿಮಗ ನನ್ನ ಮ್ಯಾಲೆ ಕಣ್ಣಿಡಾಕ ಹೇಳಿದ್ದರೇನ್ರಿ?"

ಯಾರೂ ಹೇಳಿರಲಿಲ್ಲವೆಂದೆ. ಹಾಗೆಯೇ ಮಾವನವರ ವಿಷಯ ಕೇಳಿದೆ. ತಾವು ಅವರನ್ನು ಸಂತೆಯಲ್ಲಿ ದೂರದಿಂದ ಕಂಡದ್ದಷ್ಟೇ, ಮಾತಾಡಿದವರಲ್ಲ ಎಂದರು. ಅಷ್ಟರಲ್ಲಿ ಹಡಗಿನ ಸೇವಕ ಹಬೆಯಾಡುವ ಚಹಾದ ತಟ್ಟೆ ಹಿಡಿದು ಬಂದ. "ಹಂಗಾರ ಒಂದೊಂದು ಕಪ್ಪು ಕುಡಿಯೂಣೇನ್ರಿ?" ಎಂದರು ಅವರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಈ ತಪ್ಪೊಪ್ಪಿಗೆಯೇ ಕೊನೆಯ ಪರೀಕ್ಷೆಯಾಗಿದ್ದರೆ? ಇಬ್ಬರೂ ಸೇವಕನ ಕಡೆ ತಿರುಗಿ ಬಿಸಿನೀರು ಕೇಳಿದೆವು.

೬. ಕೆಂಪು ಚಟ್ನಿ

ಗೋಕಾಕದಲ್ಲಿ ತಾಯಿಯವರು ನಾನು ಸೊರಗಿದ್ದೇನೆಂದು ಅತ್ತರು. ಕರಾರು ಪಾಲಿಸಿದ್ದಕ್ಕೆ ಅದೇ ಸಾಕ್ಷಿಯೆಂದು ನಂಬಿದರು. ಹುಕ್ಕೇರಿಯಲ್ಲಿ ಅಷ್ಟು ಸುಲಭವಾಗಲಿಲ್ಲ. ಮಾವನವರು ನನ್ನನ್ನು ಬೆಳಕಿಗೆ ನಿಲ್ಲಿಸಿ, ಬೆಲ್ಲದ ಪೆಂಟಿಯ ಸುತ್ತ ಬರುವಂತೆ ಒಂದು ಸುತ್ತು ಬಂದರು. ಆಮೇಲೆ ಊಟಕ್ಕೆ ಕೂಡಿಸಿ ಎದುರಿಗೆ ಕುಳಿತರು.

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಮೆಣಸಿನಕಾಯಿ ಚಟ್ನಿ. ವರ್ಷಗಟ್ಟಲೆ ಬೇಯಿಸಿದ ಬಟಾಟೆಯಿಂದ ಬದುಕಿದ ನಾಲಿಗೆ ನನ್ನದು. ಮೊದಲ ತುತ್ತಿಗೇ ಕಿವಿ ಮುಚ್ಚಿತು. ಎರಡನೆಯದಕ್ಕೆ ಕಣ್ಣೀರು ಧಾರೆಯಾಗಿ ಇಳಿಯಿತು. ಮಾವನವರ ಕಣ್ಣು ಕಿರಿದಾಯಿತು. "ಯಾಕ, ಖಾರ ಹತ್ತಿತೇನು?"

ಹೌದೆಂದರೆ ವಿಲಾಯತಿ ನನ್ನೊಳಗೆ ಹೊಕ್ಕಿದೆ ಎಂದಾಗುತ್ತಿತ್ತು. "ಇಲ್ರಿ ಮಾವಾ. ಊರ ಊಟ ಕಂಡು ಮನಸು ತುಂಬಿ ಬಂತು" ಎಂದೆ.

ಅವರ ಮುಖ ಅರಳಿತು. ಒಳಗೆ ತಿರುಗಿ ಮಗಳಿಗೆ ಹೇಳಿದರು: "ಯವ್ವಾ, ಇವನ ಮನಸು ಇನ್ನೊಂದೀಟು ತುಂಬಲಿ. ಚಟ್ನಿ ಹಾಕು."

೭. ಹಾಲು ಮೊದಲೋ, ಚಹಾ ಮೊದಲೋ

ಊಟದ ತರುವಾಯ ಪಡಸಾಲೆಯಲ್ಲಿ ವಿಚಾರಣೆ. ಬಾಜೂ ಮನೆಯ ಕಾಕಾ ಒಬ್ಬರು ಆಗಲೇ ಬಂದು ಕುಳಿತಿದ್ದರು. ಪೂಜೆ, ಮಾಂಸ, ಮದ್ಯ, ಮೂರಕ್ಕೂ ನನ್ನ ಉತ್ತರ ಕೇಳಿ ಮಾವನವರು ತಲೆದೂಗಿದರು. ನಾಲ್ಕನೆಯದನ್ನು ಕೇಳಲಿಲ್ಲ. ಒಳಗಿನಿಂದ ಬಟ್ಟಲೊಂದು ಬಂದು ನನ್ನ ಮುಂದೆ ಕುಳಿತಿತು. ಅದರಲ್ಲಿ ಚಹಾ.

ನಾನು ಅದನ್ನು ಪಕ್ಕಕ್ಕೆ ಸರಿಸಿದೆ. ಮಾವನವರು ಮತ್ತೆ ಮುಂದೆ ಸರಿಸಿ, "ಕುಡಿ" ಎಂದರು.

"ಇಲ್ರಿ. ಮಾತು ಕೊಟ್ಟೇನಿ."

"ಆ ಮಾತು ವಿಲಾಯತಿಗೆ. ಇದು ಹುಕ್ಕೇರಿ."

ಇಷ್ಟು ಸ್ಪಷ್ಟವಾದ ಬಲೆಗೆ ನಾನು ಬೀಳುವವನಲ್ಲ. ಮತ್ತೆ ಸರಿಸಿದೆ. ಆಗ ಅತ್ತೆಯವರೇ ಬಾಗಿಲಿಗೆ ಬಂದು ಸಂಗತಿ ತಿಳಿಸಿದರು. ನಾನು ಹೋದ ಮೇಲೆ ಮಾವನವರಿಗೆ ಒಂದು ಚಿಂತೆ ಹತ್ತಿತಂತೆ: ಅಳಿಯ ಚಹಾ ಕುಡಿದು ಬಂದರೆ ಗುರುತಿಸುವುದು ಹೇಗೆ, ಅದರ ವಾಸನೆಯೇ ತಮಗೆ ತಿಳಿಯದಲ್ಲ. ವಾಸನೆ ತಿಳಿಯಲು ಗೋಕಾಕದ ಸಂತೆಗೆ ಹೋದಾಗ ಚಹಾದ ಅಂಗಡಿಯ ಮುಂದೆ ನಿಂತರು. ಹೊರಗೆ ನಿಂತರೆ ಖಚಿತವಾಗದೆಂದು ಒಳಗೆ ಕುಳಿತರು. ಕುಡಿದವನ ಬಾಯಿಯ ವಾಸನೆಯೇ ಬೇರೆಯಿರಬಹುದೆಂದು ಒಂದು ಬಟ್ಟಲು ಕುಡಿದರು. "ಈಗ ಮುಂಜಾನಿ ಪೂಜಿ ಮುಗಿಯೂದ ತಡ, ವಾಸನಿ ಪರೀಕ್ಷಾ ಸುರು ಮಾಡತಾರ. ಸಂಜಿಕ ಮತ್ತೊಮ್ಮೆ ಮಾಡತಾರ" ಎಂದರು ಅತ್ತೆ.

ಮಾವನವರಿಗೂ ಕಾಕಾನಿಗೂ ದೀಪಾವಳಿಯಿಂದ ಒಂದು ವಾದ ನಡೆದಿತ್ತು. ಅದರ ತೀರ್ಪಿಗಾಗಿಯೇ ಇಬ್ಬರೂ ನನ್ನ ದಾರಿ ಕಾಯುತ್ತಿದ್ದರು. "ಅದ ಬಿಡು" ಎಂದರು ಮಾವ. "ಆ ಮಂದಿ ಬಟ್ಟಲಕ್ಕ ಮೊದಲ ಹಾಲು ಹಾಕತಾರೊ, ಚಹಾ ಹಾಕತಾರೊ? ಕಾಕಾಗ ಹೇಳು."

"ನನಗ ಗೊತ್ತಿಲ್ರಿ" ಎಂದೆ. ಅದು ಸತ್ಯ. ಬಟ್ಟಲಿನ ಕಡೆ ನಾನು ಕಣ್ಣೆತ್ತಿ ನೋಡಿದವನೇ ಅಲ್ಲ.

ಮಾವನವರು ಸಕ್ಕರೆ ಎಷ್ಟು ಹಾಕುತ್ತಾರೆಂದು ಕೇಳಿದರು. ಗೊತ್ತಿಲ್ಲವೆಂದೆ. ಎಷ್ಟು ಹೊತ್ತು ಕುದಿಸುತ್ತಾರೆಂದು ಕೇಳಿದರು. ಅದೂ ಗೊತ್ತಿಲ್ಲವೆಂದೆ. ಅವರು ಕಾಕಾನ ಕಡೆ ವಾಲಿ, ತಗ್ಗಿದ ದನಿಯಲ್ಲಿ ಹೇಳಿದರು: "ಇಂವ ವಿಲಾಯತಿಗೆ ಹೋಗೇ ಇಲ್ಲ."

ಕಾಲೇಜಿನ ಪ್ರಮಾಣಪತ್ರ ತೋರಿಸಿದೆ. ಅಂತಹ ಕಾಗದವನ್ನು ಮುಂಬಯಿಯಲ್ಲಿ ಯಾರು ಬೇಕಾದರೂ ಛಾಪಿಸುತ್ತಾರೆ ಎಂದರು. ಬಣ್ಣ ಹತ್ತಿ ನೀಲಿಯಾಗಿದ್ದ ಉಗುರುಗಳನ್ನು ತೋರಿಸಿದೆ. "ನೀಲಿ ಇಳಕಲ್ಲಿನ್ಯಾಗೂ ಹತ್ತತೈತಿ" ಎಂದರು ಕಾಕಾ. ಮೂಡಲಗಿಯವರನ್ನು ಕೇಳಿರಿ ಎಂದೆ. ಇಬ್ಬರೂ ಕೂಡಿಯೇ ಮುಂಬಯಿಯಲ್ಲಿ ಅಡಗಿದ್ದಿರಬೇಕೆಂದು ತರ್ಕಿಸಿದರು. ಕೊನೆಗೆ ಮಾವನವರು ಎದ್ದು ನಿಂತರು. "ಕರಾರು ಮುರದಿದ್ರೂ ವಿಚಾರ ಮಾಡತಿದ್ದೆ. ಸುಳ್ಳ ಹೇಳಾವಗ ಮಗಳನ್ನ ಕೊಡೂದಿಲ್ಲ."

ಅಷ್ಟು ವರ್ಷ ಕಾಪಾಡಿಕೊಂಡು ಬಂದ ನಿಶ್ಚಯ, ಕಾಪಾಡಿದ ಕಾರಣಕ್ಕಾಗಿಯೇ ಮುರಿಯುವಂತಾಯಿತು. ಆಗ ಅವರ ಮಗಳು ಹೊರಗೆ ಬಂದಳು. ತರಗತಿಗೆ ಬರುವಂತೆ ನೆಟ್ಟಗೆ ಬಂದು ನಿಂತು, ನನ್ನನ್ನು ಉದ್ದೇಶಿಸಿ ಒಂದು ಪ್ರಶ್ನೆ ಹಾಕಿದಳು.

"ಊಟದಾಗ ಕಣ್ಣಾಗ ನೀರು ಬಂತಲ್ರಿ. ಮನಸು ತುಂಬಿ ಬಂತೊ, ಖಾರ ಹತ್ತಿತೊ? ವಿಚಾರ ಮಾಡಿ ಹೇಳ್ರಿ."

ವಿಚಾರ ಮಾಡಿದೆ. "ಖಾರ" ಎಂದೆ.

"ಪೂರಾ ವಾಕ್ಯದಾಗ."

"ಖಾರ ಹತ್ತಿತ್ರಿ. ಮನಸು ತುಂಬಿರಲಿಲ್ಲ."

ಅವಳು ತಂದೆಯ ಕಡೆ ತಿರುಗಿದಳು. "ಕೇಳಿದ್ರೇನಪ್ಪಾ? ಆ ಚಟ್ನಿಗೆ ನಾ ಹಾಕಿದ್ದು ಅರ್ಧಾ ಖಾರ. ಮುಂಬೈದಾಗ ಇದ್ದವರಾಗಿದ್ರ, ಇದೇನು ಸಪ್ಪನ್ನ ಚಟ್ನಿ ಅಂತ ಕೇಳತಿದ್ರು."

ಕಾಕಾ ಗಡ್ಡ ತುರಿಸಿಕೊಂಡರು. ಅರ್ಧ ಖಾರಕ್ಕೆ ಅಳುವವನು ನಮ್ಮ ದೇಶದಲ್ಲಿ ಉಳಿದಿರಲು ಸಾಧ್ಯವಿಲ್ಲವೆಂಬುದು ಇಬ್ಬರಿಗೂ ಒಪ್ಪಿಗೆಯಾಯಿತು. ಮಾವನವರು ಕುಳಿತುಕೊಂಡರು. ಮುಹೂರ್ತದ ಮಾತು ಅಲ್ಲಿಯೇ ಆರಂಭವಾಯಿತು.

ಮದುವೆಯಾದ ಮರುದಿನ ಮುಂಜಾನೆ ಹುಕ್ಕೇರಿಯಲ್ಲಿಯೇ, ಪೂಜೆ ಮುಗಿದ ಮೇಲೆ, ಹೆಂಡತಿ ಚಹಾ ತಂದು ನನ್ನ ಮುಂದಿಟ್ಟಳು. ಚಹಾದ ಕರಾರು ತೀರಿತೆಂದು ಮಾವನವರೇ ಎಲ್ಲರೆದುರು ಹೇಳಿದ್ದರು. ಆದ್ದರಿಂದ ಬಟ್ಟಲೆತ್ತಿ ಕುಡಿದೆ. ಅದು ನನ್ನ ಜೀವನದ ಮೊದಲನೆಯ ಚಹಾ. ವರ್ಷಗಟ್ಟಲೆ ಕುದಿಯುವ ಬಿಸಿನೀರು ಕುಡಿದು ಪಳಗಿದ ಬಾಯಿ. ಊದುವ ಅವಶ್ಯಕತೆ ಬೀಳಲಿಲ್ಲ. ನಿಧಾನವಾಗಿ ಮುಗಿಸಿ ಬಟ್ಟಲನ್ನು ಕೆಳಗಿಟ್ಟೆ.

ಎದುರಿಗೆ ಮಾವನವರು ತಮ್ಮ ಚಹಾವನ್ನು ಊದುತ್ತಿದ್ದವರು ಊದುವುದನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು.

"ಯವ್ವಾ" ಎಂದು ಮಗಳನ್ನು ಕರೆದರು. "ಊದಲಿಲ್ಲ. ತುಟಿ ಸುಟ್ಟಕೊಳ್ಳಲಿಲ್ಲ. ಇಂವ ಅಲ್ಲಿ ದಿನಾ ಕುಡದಾನ."